ಶುಶ್ರೂಷೆಯೆಂದರೆ ಕೇಳುವ ಇಚ್ಛೆ

ಕೀಮೋಥೆರಪಿ ಪಡೆಯುವವರ ದೇಹ-ಮನಸ್ಸುಗಳ ಆರೈಕೆ ಕುರಿತು

'ಶುಶ್ರೂಷೆ' ಎಂಬ ಮಾತನ್ನು ನಾವು ದಿನನಿತ್ಯ ಬಳಸುತ್ತೇವೆ. ರೋಗಿಗೆ ಗಂಜಿ ಕುಡಿಸುವುದು, ಹಾಸಿಗೆ ಬದಲಿಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಇವೆಲ್ಲವೂ ಶುಶ್ರೂಷೆಯೆಂಬುದು ನಮ್ಮ ತಿಳಿವಳಿಕೆ. ಆದರೆ ಈ ಪದದ ಮೂಲವನ್ನು ಅರಸಿಕೊಂಡು ಹೋದರೆ ಬೇರೊಂದು ಅರ್ಥ ಹೊಳೆಯುತ್ತದೆ. ಸಂಸ್ಕೃತದಲ್ಲಿ 'ಶ್ರು' ಎಂದರೆ ಕೇಳು. ಆ ಧಾತುವಿಗೆ ಇಚ್ಛಾರ್ಥದ ಪ್ರತ್ಯಯ ಸೇರಿದಾಗ 'ಶುಶ್ರೂಷಾ' ಎಂದಾಗುತ್ತದೆ. ಕೇಳಬೇಕೆಂಬ ಇಚ್ಛೆ ಎಂದು ಅದರ ಅರ್ಥ. ಅದೇ ಪದ ಸೇವೆಗೂ ರೋಗಿಯ ಆರೈಕೆಗೂ ಹೆಸರಾಗಿ ನಿಂತಿತು. ಹಾಸಿಗೆ ಹಿಡಿದವರ ಬಳಿ ಕುಳಿತು ಅವರ ಮಾತನ್ನು ಕೇಳುವ ಮನಸ್ಸಿಲ್ಲದವನು ಎಷ್ಟು ದುಡಿದರೂ ಆ ದುಡಿಮೆ ಅರ್ಧವೇ ಸರಿ ಎಂಬ ಸೂಚನೆ ಈ ಪದದಲ್ಲಿಯೇ ಅಡಗಿದೆ.

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ. ವೈದ್ಯ, ಔಷಧದ್ರವ್ಯ, ಉಪಸ್ಥಾತ ಅಂದರೆ ಶುಶ್ರೂಷೆ ಮಾಡುವವನು, ಮತ್ತು ರೋಗಿ. ಮಂಚದ ನಾಲ್ಕು ಕಾಲುಗಳಲ್ಲಿ ಒಂದು ಮುರಿದರೂ ಮಲಗಿದವನಿಗೆ ನೆಮ್ಮದಿಯಿಲ್ಲ. ಇಂದು ನಾವು ವೈದ್ಯರ ಹೆಸರನ್ನು ಊರೂರಿಗೆ ಹೇಳುತ್ತೇವೆ, ಔಷಧಿಯ ಬೆಲೆಯನ್ನು ಮತ್ತೆ ಮತ್ತೆ ಲೆಕ್ಕ ಹಾಕುತ್ತೇವೆ. ಮೂರನೆಯ ಹಾಗೂ ನಾಲ್ಕನೆಯ ಪಾದಗಳ ವಿಚಾರ ಬಂದಾಗ ಮಾತ್ರ ಮೌನವಾಗುತ್ತೇವೆ. ಕ್ಯಾನ್ಸರ್ ರೋಗಕ್ಕೆ ಕೀಮೋಥೆರಪಿ ಪಡೆಯುವವರ ಮಟ್ಟಿಗಂತೂ ಈ ಮೌನ ಬಹಳ ದುಬಾರಿಯಾದುದು. ಆದುದರಿಂದ ಆ ಎರಡು ಪಾದಗಳ ಕುರಿತು ಕುಟುಂಬಗಳು ಅರಿಯಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಔಷಧಿಯ ಬಗೆ

ಕೀಮೋಥೆರಪಿ ಎಂದರೆ ರಾಸಾಯನಿಕ ಚಿಕಿತ್ಸೆ. ಇದರ ಹುಟ್ಟು ವಿಚಿತ್ರವಾದುದು. ಯುದ್ಧದಲ್ಲಿ ಮನುಷ್ಯರನ್ನು ಕೊಲ್ಲಲು ಬಳಸಿದ ಮಸ್ಟರ್ಡ್ ಅನಿಲದ ಸಂಬಂಧಿಯೊಂದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1942ರಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರ್ ಇದ್ದ ರೋಗಿಗೆ ಔಷಧಿಯಾಗಿ ಕೊಟ್ಟು ನೋಡಿದರು. ಗಡ್ಡೆ ಕೆಲಕಾಲ ಕರಗಿತು. 1947-48ರಲ್ಲಿ ಬೋಸ್ಟನ್ ನಗರದ ಡಾ. ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಮಕ್ಕಳಿಗೆ ಅಮಿನಾಪ್ಟರಿನ್ ಎಂಬ ಔಷಧಿಯನ್ನು ನೀಡಿ ಹಲವರಲ್ಲಿ ತಾತ್ಕಾಲಿಕ ಗುಣ ಕಂಡರು. ಆ ಔಷಧಿಯನ್ನು ಒದಗಿಸಿದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯ ಮುಂದಾಳು ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು. ನಮ್ಮ ಅಂಗಳದ ಕಾಶಿ ಕಣಗಿಲೆ ಅಥವಾ ನಿತ್ಯಪುಷ್ಪದ ಗಿಡವೂ ಈ ಕಥೆಯಲ್ಲಿ ಸೇರಿದೆ. ಅದರಲ್ಲಿರುವ ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಎಂಬ ದ್ರವ್ಯಗಳು 1960ರ ದಶಕದಿಂದ ಇಂದಿನವರೆಗೂ ಬಳಕೆಯಲ್ಲಿವೆ. ಹಾಗೆಂದು ಅಂಗಳದ ಎಲೆಯನ್ನು ಅರೆದು ಕುಡಿಯುವ ಸಾಹಸಕ್ಕೆ ಯಾರೂ ಇಳಿಯಬಾರದು. ಅದು ವಿಷ. ಅಳತೆಯೂ ಶುದ್ಧೀಕರಣವೂ ಸೇರಿದಾಗ ಮಾತ್ರ ಔಷಧಿ.

ಈ ಔಷಧಿಗಳು ಬೇಗಬೇಗನೆ ವಿಭಜನೆಗೊಳ್ಳುವ ಜೀವಕೋಶಗಳನ್ನು ಅರಸಿ ಕೊಲ್ಲುತ್ತವೆ. ಕ್ಯಾನ್ಸರ್ ಕೋಶಗಳು ಅಂಥವು. ಆದರೆ ಆರೋಗ್ಯವಂತ ದೇಹದಲ್ಲಿಯೂ ಬೇಗ ವಿಭಜಿಸುವ ಕೋಶಗಳಿವೆ. ಕೂದಲಿನ ಬೇರು, ಬಾಯಿಯ ಹಾಗೂ ಕರುಳಿನ ಒಳಪದರ, ರಕ್ತವನ್ನು ತಯಾರಿಸುವ ಎಲುಬಿನ ಮಜ್ಜೆ, ಇವು ಪೆಟ್ಟು ತಿನ್ನುತ್ತವೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ವಾಂತಿ, ಭೇದಿ, ರಕ್ತಕಣಗಳು ಕಡಿಮೆಯಾಗುವುದು ಇವೆಲ್ಲಕ್ಕೂ ಕಾರಣ ಇದೇ. ಪೆಟ್ಟು ತಿಂದ ಆರೋಗ್ಯವಂತ ಕೋಶಗಳು ಚೇತರಿಸಿಕೊಳ್ಳಲು ಅವಕಾಶವಿರಲೆಂದೇ ಬಹುಪಾಲು ಔಷಧಿಗಳನ್ನು ಎರಡು ಅಥವಾ ಮೂರು ವಾರಗಳ ಅಂತರದಲ್ಲಿ ಆವರ್ತಗಳಾಗಿ ಕೊಡುತ್ತಾರೆ. ಇದನ್ನೇ ಆಸ್ಪತ್ರೆಯಲ್ಲಿ 'ಸೈಕಲ್' ಎನ್ನುತ್ತಾರೆ. ಔಷಧಿ ದೇಹವನ್ನು ಹಾಳುಮಾಡಿತು ಎಂದು ಹೆದರಿ ನಡುವೆಯೇ ಬಿಟ್ಟುಬಿಡುವವರು ಈ ಲೆಕ್ಕಾಚಾರವನ್ನು ಅರಿತರೆ ಧೈರ್ಯ ತಾಳಿಯಾರು.

ಉಪಸ್ಥಾತನಿಗೆ ಚರಕಸಂಹಿತೆ ನಾಲ್ಕು ಗುಣಗಳನ್ನು ವಿಧಿಸಿದೆ. ಉಪಚಾರಜ್ಞತೆ, ದಾಕ್ಷ್ಯ, ಅನುರಾಗ ಮತ್ತು ಶೌಚ. ಆರೈಕೆಯ ಅರಿವು, ಕೈಚಳಕ, ಪ್ರೀತಿ, ಶುಚಿತ್ವ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಈ ಪಟ್ಟಿಯನ್ನು ಇಂದಿನ ಕೀಮೋಥೆರಪಿ ವಾರ್ಡಿನ ಗೋಡೆಗೆ ತೂಗುಹಾಕಿದರೂ ಹೊಂದಿಕೊಳ್ಳುತ್ತದೆ. ಅನುರಾಗದ ವಿಚಾರ ದೀರ್ಘವಾದುದರಿಂದ ಅದನ್ನು ಕೊನೆಗಿರಿಸಿಕೊಂಡಿದ್ದೇನೆ.

ಉಪಚಾರಜ್ಞತೆ: ಅರಿತು ಮಾಡುವುದು

ಕೀಮೋಥೆರಪಿಯನ್ನು ಬರೆದುಕೊಡುವವರು ವೈದ್ಯರು. ಆದರೆ ಅದನ್ನು ರೋಗಿಯ ನರಕ್ಕೆ ಸೇರಿಸಿ, ಗಂಟೆಗಟ್ಟಲೆ ಕಾವಲು ಕಾಯುವವರು ಶುಶ್ರೂಷಕಿಯರು, ನಮ್ಮ ಜನ ಪ್ರೀತಿಯಿಂದ ಕರೆಯುವ 'ಸಿಸ್ಟರ್'ಗಳು. ಎತ್ತರ ಮತ್ತು ತೂಕವನ್ನು ಪ್ರತಿ ಸಲವೂ ನೋಡುವುದೇಕೆಂದು ಕೆಲವರು ಬೇಸರಿಸಿಕೊಳ್ಳುತ್ತಾರೆ. ಔಷಧಿಯ ಪ್ರಮಾಣವನ್ನು ಬಹುಮಟ್ಟಿಗೆ ಅವುಗಳಿಂದಲೇ ಗುಣಿಸುತ್ತಾರೆ. ಹೆಸರನ್ನು ಎರಡೆರಡು ಬಾರಿ ಕೇಳುವುದು ಮರೆವಿನಿಂದಲ್ಲ, ಒಬ್ಬರ ಔಷಧಿ ಇನ್ನೊಬ್ಬರಿಗೆ ಹೋಗಬಾರದೆಂಬ ಎಚ್ಚರದಿಂದ.

ಔಷಧಿ ಹರಿಯುತ್ತಿರುವಾಗ ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ನೋವು, ಬಾವು ಕಂಡರೆ ಆ ಕ್ಷಣವೇ ಹೇಳಬೇಕು. ಕೆಲವು ಔಷಧಿಗಳು ನರದಿಂದ ಹೊರಕ್ಕೆ ಸೋರಿದರೆ ಚರ್ಮ ಮತ್ತು ಮಾಂಸವನ್ನೇ ಸುಟ್ಟುಹಾಕುತ್ತವೆ. ನಮ್ಮ ತಾಯಂದಿರಲ್ಲಿ ನೋವನ್ನು ಹಲ್ಲುಕಚ್ಚಿ ತಡೆದುಕೊಳ್ಳುವುದೇ ಸದ್ಗುಣವೆಂಬ ಭಾವನೆಯಿದೆ. ಇಲ್ಲಿ ಆ ಸಹನೆ ಕೈಯನ್ನು ಕಳೆಯಬಹುದು. ಉಸಿರು ಕಟ್ಟಿದಂತಾದರೆ, ಎದೆ ಬಿಗಿದರೆ, ಮೈ ತುರಿಸಿದರೆ, ಚಳಿ ನಡುಕ ಬಂದರೆ ಆಗಲೂ ಹಾಗೆಯೇ ತಕ್ಷಣ ಹೇಳಬೇಕು.

ಡಾಕ್ಸೋರುಬಿಸಿನ್ ಎಂಬ ಕೆಂಪು ಔಷಧಿ ಪಡೆದವರ ಮೂತ್ರ ಒಂದೆರಡು ದಿನ ಕೆಂಪಗಾಗಬಹುದು. ಅದು ರಕ್ತವಲ್ಲ. ಆಕ್ಸಾಲಿಪ್ಲಾಟಿನ್ ಪಡೆದವರಿಗೆ ತಣ್ಣೀರು ಮುಟ್ಟಿದರೆ ಬೆರಳು ಜುಮುಗುಡುತ್ತವೆ, ತಣ್ಣಗಿನದು ಕುಡಿದರೆ ಗಂಟಲು ಹಿಡಿದಂತಾಗುತ್ತದೆ. ಕೆಲವು ದಿನ ಬೆಚ್ಚಗಿನ ನೀರನ್ನೇ ಬಳಸಬೇಕು. ಇಂಥ ಸಣ್ಣ ಸಂಗತಿಗಳನ್ನು ಮುಂಚಿತವಾಗಿ ತಿಳಿಸಿದ್ದರೆ ಅರ್ಧ ಭಯ ಇಲ್ಲವಾಗುತ್ತದೆ. 'ಈ ಔಷಧಿಯ ಹೆಸರೇನು, ಇದರಿಂದ ಏನೇನು ಆಗಬಹುದು, ಯಾವುದಕ್ಕೆ ಫೋನ್ ಮಾಡಬೇಕು, ರಾತ್ರಿಯಾದರೆ ಯಾವ ನಂಬರಿಗೆ?' ಈ ನಾಲ್ಕು ಪ್ರಶ್ನೆಗಳನ್ನು ಮೊದಲ ಸೈಕಲ್ಲಿನ ದಿನವೇ ಸಿಸ್ಟರನ್ನು ಕೇಳಿ ಬರೆದುಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಜ್ವರ. ಔಷಧಿ ಪಡೆದ ಸುಮಾರು 7ರಿಂದ 14 ದಿನಗಳ ನಡುವೆ ಬಿಳಿರಕ್ತಕಣಗಳ ಸಂಖ್ಯೆ ತೀರಾ ಕೆಳಗಿಳಿಯುವುದು ಸಾಮಾನ್ಯ. ಆ ಹೊತ್ತಿನಲ್ಲಿ ಸೋಂಕು ತಗಲಿದರೆ ಎದುರಿಸುವ ಸೈನ್ಯ ದೇಹದಲ್ಲಿರುವುದಿಲ್ಲ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು. ಉಷ್ಣತೆ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸಬಾರದು. ಜ್ವರ ಇಳಿದಂತೆ ಕಂಡರೂ ಸೋಂಕು ಒಳಗೇ ಬೆಳೆಯುತ್ತಿರುತ್ತದೆ. ಈ ಒಂದು ಮಾತನ್ನು ಅರಿತ ಮನೆಯವರು ಜೀವವನ್ನೇ ಉಳಿಸಿಕೊಂಡಾರು.

ದಾಕ್ಷ್ಯ: ಮನೆಯ ಆರೈಕೆಯ ಜಾಣ್ಮೆ

ಹಿಂದೆ ಕೀಮೋಥೆರಪಿ ಎಂದರೆ ವಾಂತಿ ಎಂದೇ ಅರ್ಥವಾಗಿತ್ತು. 1990ರ ದಶಕದ ಮೊದಲಲ್ಲಿ ಒಂಡಾನ್‌ಸೆಟ್ರಾನ್ ಎಂಬ ವಾಂತಿ ತಡೆಯುವ ಔಷಧಿ ಬಂದ ಮೇಲೆ, ಅನಂತರ ಇನ್ನೂ ಕೆಲವು ಸೇರಿದ ಮೇಲೆ, ಆ ಯಾತನೆ ಬಹಳಷ್ಟು ತಗ್ಗಿದೆ. ಆದರೆ ಈ ಮಾತ್ರೆಗಳನ್ನು ವಾಂತಿ ಬಂದ ಮೇಲೆ ಹುಡುಕುವುದಕ್ಕಿಂತ ಬರೆದುಕೊಟ್ಟ ಹೊತ್ತಿಗೆ ಮುಂಚಿತವಾಗಿ ಕೊಡುವುದು ಜಾಣತನ. ಕೆಲವರಿಗೆ ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದೊಡನೆ, ಸೂಜಿ ಮುಟ್ಟುವ ಮೊದಲೇ, ಹೊಟ್ಟೆ ತೊಳಸುತ್ತದೆ. ಇದು ನಾಟಕವಲ್ಲ. ಹಿಂದಿನ ಯಾತನೆಯನ್ನು ದೇಹ ನೆನಪಿಟ್ಟುಕೊಂಡಿರುವ ಬಗೆ. ಗದರಿಸದೆ ವೈದ್ಯರಿಗೆ ತಿಳಿಸಿದರೆ ಇದಕ್ಕೂ ಔಷಧಿಯುಂಟು, ಉಸಿರಾಟದ ಮತ್ತು ಮೈ ಸಡಿಲಿಸುವ ಅಭ್ಯಾಸಗಳುಂಟು.

ಉಣಿಸುವುದರಲ್ಲಿಯೂ ಜಾಣ್ಮೆ ಬೇಕು. ಒಗ್ಗರಣೆಯ ಘಾಟು, ಖಾರ ಹುರಿಯುವ ವಾಸನೆ ರೋಗಿಯ ಕೋಣೆಗೆ ಬರದಂತೆ ನೋಡಬೇಕು. ಮೂರು ಹೊತ್ತಿನ ತುಂಬು ತಟ್ಟೆಗೆ ಬದಲಾಗಿ ಆರು ಹೊತ್ತಿನ ಸಣ್ಣ ಬಟ್ಟಲು ಹಿತ. ಬಾಯಿ ಹುಣ್ಣಾದಾಗ ಖಡಕ್ ರೊಟ್ಟಿ, ಕೆಂಪು ಚಟ್ನಿ, ಹುಳಿ ಬೇಡ. ಮೆದುವಾದ ಅನ್ನ-ತೊವ್ವೆ, ರಾಗಿಯ ಗಂಜಿ, ಜೋಳದ ನುಚ್ಚು, ಹೆಸರುಬೇಳೆಯ ಪಾಯಸ ಇವು ಸುಲಭವಾಗಿ ಇಳಿಯುತ್ತವೆ. ಹಲ್ಲುಜ್ಜಲು ಮೃದುವಾದ ಬ್ರಷ್ ಸಾಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚದಷ್ಟು ಉಪ್ಪು ಬೆರೆಸಿ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಿದರೆ ಹಿತವೆನಿಸುತ್ತದೆ. 'ಉಣ್ಣು, ಉಣ್ಣು' ಎಂದು ತಟ್ಟೆ ಹಿಡಿದು ಬೆನ್ನುಬೀಳುವುದರಿಂದ ಊಟವೇ ಶತ್ರುವಾಗುತ್ತದೆ. ಉಣಲಾರದ ದಿನ ನೀರಾದರೂ ಗುಟುಕು ಗುಟುಕಾಗಿ ಹೋಗುತ್ತಿರಲಿ. ವ್ರತ, ಉಪವಾಸಗಳನ್ನು ಚಿಕಿತ್ಸೆಯ ಅವಧಿಯಲ್ಲಿ ವೈದ್ಯರನ್ನು ಕೇಳದೆ ಹಿಡಿಯಬಾರದು. ಯಾರೋ ಹೇಳಿದ ನಾಟಿ ಔಷಧಿಯನ್ನು ಗುಟ್ಟಾಗಿ ಕುಡಿಸುವುದೂ ಸಲ್ಲದು. ಕೆಲವು ಬೇರು-ಪುಡಿಗಳು ಯಕೃತ್ತಿಗೆ ತೊಂದರೆ ಕೊಡುತ್ತವೆ, ಕೆಲವು ಕೀಮೋಥೆರಪಿಯ ಕೆಲಸವನ್ನೇ ಕೆಡಿಸುತ್ತವೆ.

ದಕ್ಷರಾದವರು ಒಂದು ನೋಟ್‌ಬುಕ್ಕನ್ನು ಇಡುತ್ತಾರೆ. ಯಾವ ದಿನ ಎಷ್ಟು ವಾಂತಿ, ಎಷ್ಟು ಭೇದಿ ಅಥವಾ ಮಲಬದ್ಧತೆ, ಕೈಕಾಲು ಜೋಮು ಇದೆಯೇ, ನಿದ್ರೆ ಬಂದಿತೇ, ಮನಸ್ಸು ಹೇಗಿತ್ತು. ಇದು ಕೇವಲ ಶಿಸ್ತಿನ ಮಾತಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕೀಮೋಥೆರಪಿ ಪಡೆಯುತ್ತಿದ್ದ 766 ರೋಗಿಗಳ ಅಧ್ಯಯನವೊಂದು ನಡೆಯಿತು. ಒಂದು ಗುಂಪಿನವರು ತಮಗೆ ಬಾಧಿಸುವ 12 ಲಕ್ಷಣಗಳನ್ನು ಕಂಪ್ಯೂಟರಿನಲ್ಲಿ ತಾವೇ ಗುರುತಿಸುತ್ತಿದ್ದರು. ಲಕ್ಷಣ ಉಲ್ಬಣಿಸಿದರೆ ಕೂಡಲೇ ಶುಶ್ರೂಷಕಿಗೆ ಸೂಚನೆ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ ಗುಂಪಿನವರ ಮಧ್ಯಮ ಬದುಕಿನ ಅವಧಿ 31.2 ತಿಂಗಳು, ಎರಡನೆಯ ಗುಂಪಿನವರದು 26 ತಿಂಗಳು. ಹೊಸ ಔಷಧಿಯಿಲ್ಲ, ಹೊಸ ಯಂತ್ರದ ಚಿಕಿತ್ಸೆಯಿಲ್ಲ. ರೋಗಿ ಹೇಳಿಕೊಂಡರು, ಶುಶ್ರೂಷಕಿ ಕೇಳಿದರು, ಬೇಗನೆ ಉಪಚಾರ ನಡೆಯಿತು. ಕೇಳುವ ಇಚ್ಛೆಯೆಂಬ ಹಳೆಯ ಅರ್ಥಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಶೌಚ: ಶುಚಿತ್ವ

ಶುಚಿತ್ವದ ಮೊದಲ ಪಾಠ ಕೈ ತೊಳೆಯುವುದು. ರೋಗಿಯ ಬಳಿ ಹೋಗುವ ಪ್ರತಿಯೊಬ್ಬರೂ ಸಾಬೂನಿನಿಂದ ಕೈ ತೊಳೆಯಬೇಕು. ನೆಗಡಿ, ಕೆಮ್ಮು, ಜ್ವರ ಇರುವವರು ಎಷ್ಟೇ ಹತ್ತಿರದ ಬಂಧುಗಳಾದರೂ ಆ ದಿನಗಳಲ್ಲಿ ದೂರವಿರುವುದೇ ಪ್ರೀತಿ. ಆಗತಾನೆ ಬೇಯಿಸಿದ ಬಿಸಿ ಆಹಾರ, ಕುದಿಸಿದ ಹಾಲು, ಕುದಿಸಿ ಆರಿಸಿದ ನೀರು, ಸಿಪ್ಪೆ ಸುಲಿಯಬಹುದಾದ ಹಣ್ಣು ಇವು ಕ್ಷೇಮ. ಬೀದಿಯಲ್ಲಿ ಕೊಯ್ದಿಟ್ಟ ಹಣ್ಣು, ಜಾತ್ರೆ-ಮದುವೆಗಳ ಗುಂಪು, ಎಲ್ಲರ ಕೈ ಮುಟ್ಟಿದ ಬೇಯಿಸದ ಪದಾರ್ಥ ಇವನ್ನು ರಕ್ತಕಣ ಕಡಿಮೆಯಿರುವ ದಿನಗಳಲ್ಲಿ ದೂರವಿಡಬೇಕು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮನೆಯವರಿಗೆ ಕೊಟ್ಟರೆ ಭಕ್ತಿಗೆ ಊನವೇನೂ ಬಾರದು.

ಔಷಧಿ ಪಡೆದ ಮೇಲೆ ಸುಮಾರು 48 ಗಂಟೆಗಳ ಕಾಲ ರೋಗಿಯ ಮೂತ್ರ, ಮಲ, ವಾಂತಿಗಳಲ್ಲಿ ಔಷಧಿಯ ಅಂಶವಿರುತ್ತದೆ. ಅವನ್ನು ಶುಚಿಗೊಳಿಸುವವರು ಕೈಗವಸು ಧರಿಸಬೇಕು. ಗರ್ಭಿಣಿಯರು ಆ ಕೆಲಸ ಮಾಡದಿರುವುದು ಒಳ್ಳೆಯದು. ಆದರೆ ಇದನ್ನೇ ನೆಪಮಾಡಿ ರೋಗಿಯ ತಟ್ಟೆ-ಲೋಟಗಳನ್ನು ಬೇರೆಯಿರಿಸುವುದು, ಮಕ್ಕಳನ್ನು ಹತ್ತಿರ ಸೇರಿಸದಿರುವುದು ಅಜ್ಞಾನ. ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ. ಮೊಮ್ಮಗು ಅಜ್ಜಿಯ ಮಡಿಲಲ್ಲಿ ಕುಳಿತರೆ ಕೂಸಿಗೆ ಏನೂ ಆಗದು, ಅಜ್ಜಿಗೆ ಮಾತ್ರ ಬಹಳ ಒಳ್ಳೆಯದಾಗುತ್ತದೆ.

ಅನುರಾಗ: ಮನಸ್ಸಿನ ಆರೈಕೆ

ರೋಗ ದೇಹಕ್ಕೆ ಬಂದರೂ ಅದನ್ನು ಹೊರುವುದು ಮನಸ್ಸು. ಭಯ, ಸಿಟ್ಟು, ನಿದ್ರಾಹೀನತೆ, ಮನೆಯವರಿಗೆ ಭಾರವಾದೆನೆಂಬ ಕೊರಗು, ಹಣ ಕರಗುತ್ತಿರುವ ಸಂಕಟ, ಇವು ಸೂಜಿಯ ನೋವಿಗಿಂತ ಕಡಿಮೆಯವಲ್ಲ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮವನ್ನು ತೆರೆದ ಡೇಮ್ ಸಿಸಿಲಿ ಸಾಂಡರ್ಸ್ ಅವರು ಮೊದಲು ಶುಶ್ರೂಷಕಿ, ಆಮೇಲೆ ಸಮಾಜಸೇವಕಿ, ಕೊನೆಗೆ ವೈದ್ಯೆ. ದೈಹಿಕ, ಮಾನಸಿಕ, ಸಾಮಾಜಿಕ ಮತ್ತು ಆಧ್ಯಾತ್ಮಿಕ ಎಂಬ ನಾಲ್ಕು ಮುಖಗಳುಳ್ಳ 'ಸಮಗ್ರ ನೋವು' ಎಂಬ ಕಲ್ಪನೆಯನ್ನು ಅವರು ಕೊಟ್ಟರು. ಒಂದನ್ನು ಮಾತ್ರ ಶಮನಗೊಳಿಸಿದರೆ ಉಳಿದ ಮೂರು ಕಾಡುತ್ತಲೇ ಇರುತ್ತವೆ.

ಕೂದಲು ಉದುರುವ ಸಂಗತಿಯನ್ನೇ ನೋಡಿ. ಎಲ್ಲ ಔಷಧಿಗಳಿಂದಲೂ ಕೂದಲು ಉದುರದು. ಉದುರುವುದಾದರೆ ಸಾಮಾನ್ಯವಾಗಿ ಮೊದಲ ಸೈಕಲ್ಲಿನ ಎರಡು-ಮೂರು ವಾರಗಳ ಅನಂತರ ಆರಂಭವಾಗುತ್ತದೆ, ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಮರಳಿ ಬೆಳೆಯುತ್ತದೆ. ವೈದ್ಯಶಾಸ್ತ್ರಕ್ಕೆ ಇದು ಅಪಾಯವಿಲ್ಲದ ಲಕ್ಷಣ. ಆದರೆ ಹೆರಳು ಹಾಕಿ ಹೂ ಮುಡಿದು ಬಾಳಿದ ಮುತ್ತೈದೆಗೆ ದಿಂಬಿನ ಮೇಲೆ ಕಟ್ಟುಕಟ್ಟಾಗಿ ಬಿದ್ದ ಕೂದಲನ್ನು ಕಂಡಾಗ ಆಗುವ ದುಃಖ ಬೇರೆ ಬಗೆಯದು. 'ಕೂದಲು ತಾನೆ, ಮತ್ತೆ ಬರುತ್ತದೆ ಬಿಡು' ಎಂಬ ಮಾತು ನಿಜವಾದರೂ ಆ ಹೊತ್ತಿಗೆ ನಿಷ್ಠುರ. ಮುಂಚಿತವಾಗಿಯೇ ತಿಳಿಸಿ, ಬೇಕೆಂದರೆ ಕೂದಲನ್ನು ಮೊದಲೇ ಚಿಕ್ಕದಾಗಿ ಕತ್ತರಿಸಿ, ಮೆದುವಾದ ಹತ್ತಿಯ ವಸ್ತ್ರವೊಂದನ್ನು ತಂದಿರಿಸಿ, ಅತ್ತರೆ ಅಳಲು ಬಿಟ್ಟು ಪಕ್ಕದಲ್ಲಿ ಕುಳಿತಿರುವುದೇ ಅನುರಾಗ. ಹಾಗೆಯೇ ಸ್ಕ್ಯಾನಿಂಗ್ ಪರೀಕ್ಷೆಗೆ ಮುನ್ನ ಕೊರಳ ಕರಡಿಗೆಯನ್ನೋ ತಾಳಿಯನ್ನೋ ತೆಗೆಯಬೇಕೆಂದಾಗ ಹಿರಿಯರಿಗೆ ಆಗುವ ಕಳವಳವೂ ಸಣ್ಣದಲ್ಲ. ಮೊದಲೇ ಸಿಸ್ಟರಿಗೆ ಹೇಳಿದರೆ ಅವಸರಪಡಿಸದೆ, ಶುಚಿಯಾದ ವಸ್ತ್ರದಲ್ಲಿ ಮನೆಯವರ ಕೈಗೆ ಒಪ್ಪಿಸಿ, ಪರೀಕ್ಷೆ ಮುಗಿದೊಡನೆ ಧರಿಸಲು ಅನುವುಮಾಡಿಕೊಡುತ್ತಾರೆ.

ಇನ್ನು ನೋಡಲು ಬರುವವರ ವಿಚಾರ. ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ಪ್ರಕಟಿಸಿದ ತಮ್ಮ ಶುಶ್ರೂಷಾ ಗ್ರಂಥದಲ್ಲಿ, ರೋಗಿಯ ಮುಂದೆ ಬರಿಯ ಆಶ್ವಾಸನೆ ಹಾಗೂ ಉಪದೇಶಗಳನ್ನು ಗಳಹುವವರಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಇಂದಿಗೂ ಆ ಅಧ್ಯಾಯದ ಅವಶ್ಯಕತೆ ತೀರಿಲ್ಲ. ಒಬ್ಬರು ಬಂದು 'ಏನೂ ಆಗಿಲ್ಲ' ಎನ್ನುತ್ತಾರೆ. ಇನ್ನೊಬ್ಬರು ಇದೇ ರೋಗದಿಂದ ತೀರಿಹೋದ ತಮ್ಮ ಬೀಗರ ಕಥೆಯನ್ನು ಸವಿಸ್ತಾರವಾಗಿ ಹೇಳುತ್ತಾರೆ. ಮತ್ತೊಬ್ಬರು 'ಹಿಂದಿನ ಜನ್ಮದ ಕರ್ಮ' ಎಂದು ನಿಟ್ಟುಸಿರಿಡುತ್ತಾರೆ. ಈ ಕೊನೆಯ ಮಾತಿನಷ್ಟು ಕ್ರೂರವಾದುದು ಬೇರೆಯಿಲ್ಲ. ರೋಗದ ಭಾರದ ಮೇಲೆ ಅಪರಾಧದ ಭಾರವನ್ನೂ ಹೊರಿಸಿದಂತಾಯಿತು. ಏಡಿಗಂತಿಯಂತೆ ಬೆಳೆಯುವ ಕೋಶಕ್ಕೆ ಪಾಪ-ಪುಣ್ಯದ ಪರಿವೆ ಇಲ್ಲ. ಅದು ಸಜ್ಜನರಿಗೂ ಬರುತ್ತದೆ, ಏನನ್ನೂ ಅರಿಯದ ಹಸುಗೂಸಿಗೂ ಬರುತ್ತದೆ.

'ಧೈರ್ಯವಾಗಿರು, ಒಳ್ಳೆಯದನ್ನೇ ಯೋಚಿಸು' ಎಂಬ ಉಪದೇಶಕ್ಕೂ ಮಿತಿಯುಂಟು. ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಯನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದ ಅಮೆರಿಕದ ಮನೋವೈದ್ಯೆ ಡಾ. ಜಿಮ್ಮಿ ಹಾಲೆಂಡ್ ಅವರು ಸದಾ ಆಶಾವಾದಿಯಾಗಿರಬೇಕೆಂಬ ಒತ್ತಾಯವನ್ನು ಒಂದು ದಬ್ಬಾಳಿಕೆಯೆಂದೇ ಕರೆದರು. ಅತ್ತರೆ ಗಡ್ಡೆ ಬೆಳೆಯುತ್ತದೆ ಎಂಬ ಹೆದರಿಕೆಯಿಂದ ಕಣ್ಣೀರನ್ನು ನುಂಗುವ ರೋಗಿಗಳನ್ನು ಅವರು ಕಂಡಿದ್ದರು. ಅಳು ಬಂದಾಗ ಅಳುವುದು ಸೋಲಲ್ಲ. ಆದರೆ ಎರಡು ವಾರಗಳಾದರೂ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಮಾತು ನಿಂತು, ಬದುಕೇ ಬೇಡವೆಂಬ ಮಾತು ಬಂದರೆ ಅದು ಖಿನ್ನತೆಯೆಂಬ ರೋಗ. ಅದಕ್ಕೆ ಚಿಕಿತ್ಸೆಯಿದೆ, ಅದನ್ನು ಕೊಡಿಸಲೇಬೇಕು. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮನಸ್' ಸಹಾಯವಾಣಿಯ ಸಂಖ್ಯೆ 14416. ಹಗಲು-ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ನೋವು ಮತ್ತು ಮನಸ್ಸಿನ ಆರೈಕೆ ಮಾಡುವ ಉಪಶಾಮಕ ಚಿಕಿತ್ಸೆ ಕೊನೆಗಾಲಕ್ಕೆ ಮಾತ್ರ ಎಂಬ ತಪ್ಪು ಕಲ್ಪನೆಯೂ ನಮ್ಮಲ್ಲಿದೆ. ಬೋಸ್ಟನ್ನಿನಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂದಿನ ಚಿಕಿತ್ಸೆಯೊಡನೆ ಮೊದಲಿನಿಂದಲೇ ಉಪಶಾಮಕ ಆರೈಕೆ ಪಡೆದವರಲ್ಲಿ ಖಿನ್ನತೆಯ ಲಕ್ಷಣ ಶೇ. 16ರಷ್ಟು ಜನರಲ್ಲಿ ಕಂಡರೆ, ಪಡೆಯದವರಲ್ಲಿ ಶೇ. 38ರಷ್ಟು ಜನರಲ್ಲಿ ಕಂಡಿತು. ಆರೈಕೆ ಪಡೆದವರು ಹೆಚ್ಚು ಕಾಲ ಬದುಕಿದರು ಕೂಡ.

ನಾಲ್ಕನೆಯ ಪಾದ: ರೋಗಿ

ಚರಕಸಂಹಿತೆ ರೋಗಿಗೂ ನಾಲ್ಕು ಗುಣಗಳನ್ನು ಹೇಳಿದೆ. ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭಯತೆ ಮತ್ತು ಜ್ಞಾಪಕತ್ವ. ಜ್ಞಾಪಕತ್ವವೆಂದರೆ ತನ್ನ ರೋಗವನ್ನು ತಾನೇ ತಿಳಿಯಹೇಳುವ ಶಕ್ತಿ. ತನಗೇನಾಗಿದೆ ಎಂಬುದನ್ನೇ ಅರಿಯದವನು ಏನನ್ನು ತಿಳಿಯಹೇಳಿಯಾನು? ಮರೆಮಾಚುವ ಮನೆಯಲ್ಲಿ ನಿರ್ಭಯತೆ ಎಲ್ಲಿಂದ ಬಂದೀತು? ನಮ್ಮ ಕುಟುಂಬಗಳು ಪ್ರೀತಿಯ ಹೆಸರಿನಲ್ಲಿ ಮಾಡುವ ದೊಡ್ಡ ಪ್ರಮಾದ ಇಲ್ಲಿದೆ.

ನಾನು ಬಲ್ಲ ಒಂದು ಮನೆಯ ಸಂಗತಿ. ಅರವತ್ತರ ಸಮೀಪದ ತಾಯಿ. ಗಂಡುಮಕ್ಕಳು 'ಹೊಟ್ಟೆಯಲ್ಲಿ ಸಣ್ಣ ಗಂಟಾಗಿದೆ, ಸೂಜಿಯಿಂದ ಕರಗುತ್ತದೆ' ಎಂದಿದ್ದರು. ಮಾತು ಬದಲಿಸುವುದು, ವೈದ್ಯರನ್ನು ಹೊರಗೆ ಕರೆದು ಮಾತನಾಡುವುದು, ಕಾಗದಗಳನ್ನು ಬಚ್ಚಿಡುವುದು ದಿನವೂ ನಡೆಯುತ್ತಿತ್ತು. ಮೂರನೆಯ ಸೈಕಲ್ ಹೊತ್ತಿಗೆ ಆಕೆ ಮಾತು ಕಡಿಮೆ ಮಾಡಿದರು. ಪಾದಗಳಲ್ಲಿ ಜೋಮು ಹಿಡಿದು ಎರಡು ಬಾರಿ ಎಡವಿದ್ದನ್ನೂ ಯಾರಿಗೂ ಹೇಳಲಿಲ್ಲ. ಒಂದು ದಿನ ಸೂಜಿ ಚುಚ್ಚಲು ನರ ಹುಡುಕುತ್ತಿದ್ದ ಸಿಸ್ಟರ್ ಕೈ ಹಿಡಿದುಕೊಂಡೇ ಕೇಳಿದರು: "ಅವ್ವಾ, ನಿಮಗ ಏನಾಗೇತಿ ಅಂತ ಹೇಳ್ಯಾರ?" ತಾಯಿ ಮೆಲ್ಲನೆ ಅಂದರು: "ಗೇಟಿನ ಮ್ಯಾಲಿನ ಬೋರ್ಡ್ ಓದಾಕ ಬರತೈತ್ರಿ ನನಗ. ಹುಡುಗರು ಅಂಜ್ಯಾರ ಅಂತ ಸುಮ್ಮನ ಅದೀನಿ." ಮಕ್ಕಳು ತಾಯಿಗಾಗಿ ಮುಚ್ಚಿಟ್ಟಿದ್ದರು, ತಾಯಿ ಮಕ್ಕಳಿಗಾಗಿ. ಒಂದೇ ಮನೆಯಲ್ಲಿ ಮೂರು ತಿಂಗಳು ಎಲ್ಲರೂ ಒಂಟಿಯಾಗಿದ್ದರು. ಸಿಸ್ಟರ್ ಹಿರಿಯ ಮಗನನ್ನು ಕರೆದು ಪಕ್ಕದಲ್ಲಿ ಕೂಡಿಸಿದರು. ಅತ್ತರು. ಅದಾದ ಮೇಲೆ ತಾಯಿ ಜೋಮಿನ ಮಾತು ಹೇಳಿದರು, ವೈದ್ಯರು ಔಷಧಿಯ ಪ್ರಮಾಣವನ್ನು ತಗ್ಗಿಸಿದರು. ತಮ್ಮ ಹೊಲದ ವಿಚಾರ, ಮೊಮ್ಮಗಳ ಓದಿನ ವಿಚಾರಗಳನ್ನೂ ಆಕೆ ಮುಂದಿನ ದಿನಗಳಲ್ಲಿ ನಿಶ್ಚಿಂತೆಯಿಂದ ಮಾತನಾಡಿದರು.

ಹಾಗೆಂದು ಎಲ್ಲವನ್ನೂ ಒಮ್ಮೆಗೇ ಮುಖಕ್ಕೆ ಹೇಳಬೇಕೆಂದಲ್ಲ. 'ನಿಮಗೆ ಎಷ್ಟು ತಿಳಿದಿದೆ? ಇನ್ನೂ ಎಷ್ಟು ತಿಳಿಯಬೇಕೆನಿಸುತ್ತದೆ?' ಎಂದು ಮೊದಲು ಕೇಳಬೇಕು. ತಿಳಿಯುವುದು ಬೇಡ, ನೀವೇ ನೋಡಿಕೊಳ್ಳಿ ಎನ್ನುವವರೂ ಇರುತ್ತಾರೆ. ಅವರ ಇಚ್ಛೆಯನ್ನೂ ಗೌರವಿಸಬೇಕು. ಆಯ್ಕೆ ಅವರದಾಗಿರಬೇಕು ಎಂಬುದೇ ಮುಖ್ಯ. ಮನೆಯ ಮಕ್ಕಳಿಗೂ ಸರಳವಾಗಿ ಹೇಳಬೇಕು: ಅಮ್ಮನಿಗೆ ಕಾಯಿಲೆಯಿದೆ, ಔಷಧಿಯಿಂದ ಕೂದಲು ಹೋಗುತ್ತದೆ, ಇದು ನಿನಗೆ ಅಂಟದು, ಇದು ನಿನ್ನ ತಪ್ಪಿನಿಂದ ಬಂದುದಲ್ಲ. ಏನನ್ನೂ ಹೇಳದಿದ್ದರೆ ಮಕ್ಕಳು ಅದಕ್ಕಿಂತ ಭಯಂಕರವಾದುದನ್ನು ಕಲ್ಪಿಸಿಕೊಳ್ಳುತ್ತಾರೆ.

ಶುಶ್ರೂಷೆ ಮಾಡುವವರಿಗೂ ಶುಶ್ರೂಷೆ

ಮನೆಯಲ್ಲಿ ಈ ಭಾರವೆಲ್ಲ ಬಹುತೇಕ ಒಬ್ಬ ಹೆಣ್ಣುಮಗಳ ಮೇಲೆ ಬೀಳುತ್ತದೆ, ಸೊಸೆಯೋ ಮಗಳೋ ಹೆಂಡತಿಯೋ. ಆಕೆ ನಿದ್ರೆಗೆಟ್ಟು, ಹೊತ್ತಿಗೆ ಉಣ್ಣದೆ, ಬೇಸರವನ್ನು ಹೇಳಿಕೊಳ್ಳಲೂ ನಾಚಿ ದುಡಿಯುತ್ತಾಳೆ. ವಾರಕ್ಕೆ ಒಂದು ದಿನವಾದರೂ ಬಂಧುಗಳು ಬಂದು ರೋಗಿಯ ಬಳಿ ಕುಳಿತು ಆಕೆಗೆ ಬಿಡುವು ಕೊಡಬೇಕು. ಹಣ್ಣಿನ ಬುಟ್ಟಿ ತರುವುದಕ್ಕಿಂತ ಇದು ಹಿರಿದು. ಆಸ್ಪತ್ರೆಯ ಶುಶ್ರೂಷಕಿಯರೂ ಮನುಷ್ಯರೇ. ಆರು ತಿಂಗಳು ಕೈ ಹಿಡಿದ ರೋಗಿ ತೀರಿಕೊಂಡ ಸುದ್ದಿ ಬಂದ ದಿನವೂ ಅವರು ಮುಂದಿನ ಮಂಚದವರಿಗೆ ನಗುಮುಖ ತೋರಬೇಕು. ಅವರೊಡನೆ ಏರುದನಿಯಲ್ಲಿ ಮಾತನಾಡುವ ಮೊದಲು ಇದನ್ನು ನೆನೆಯಬೇಕು.

ಹಣದ ಚಿಂತೆಗೂ ಕೆಲವು ದಾರಿಗಳಿವೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಬಡರೋಗಿಗಳಿಗೆ ಆಸರೆಯಾಗಿದೆ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಸಂಸ್ಥೆ ಉತ್ತರ ಕರ್ನಾಟಕದವರಿಗೆ ಹತ್ತಿರ. 2018ರಲ್ಲಿ ರೂಪುಗೊಂಡ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಕೀಮೋಥೆರಪಿಗೂ ನೆರವುಂಟು. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಬೇಕು. ಚಿಕಿತ್ಸೆಗೆ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿಯೂ ಜೊತೆಗಾರರಿಗೆ ಶೇ. 75ರಷ್ಟು ರಿಯಾಯಿತಿಯೂ ಇವೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಹಗಲು ಹೊತ್ತಿನ ಕೀಮೋಥೆರಪಿ ಕೇಂದ್ರಗಳನ್ನು ತೆರೆಯುವುದಾಗಿ ಕೇಂದ್ರ ಸರ್ಕಾರ 2025ರ ಆಯವ್ಯಯದಲ್ಲಿ ಘೋಷಿಸಿತು. ರಾಜಧಾನಿಯ ಫುಟ್‌ಪಾತಿನಲ್ಲಿ ರಾತ್ರಿ ಕಳೆಯುವ ಹಳ್ಳಿಗರ ಕಷ್ಟ ಇದರಿಂದ ತಗ್ಗಬೇಕಾಗಿದೆ. ಅಂಥ ಕೇಂದ್ರ ತಮ್ಮ ಜಿಲ್ಲೆಯಲ್ಲಿ ಇದೆಯೇ ಎಂದು ವಿಚಾರಿಸಿ, ಇದ್ದರೆ ಅದರ ಸದುಪಯೋಗ ಪಡೆಯಬೇಕು.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಓಣಿಯಲ್ಲಿ, ನಿಮ್ಮ ಬಳಗದಲ್ಲಿ ಈ ಚಿಕಿತ್ಸೆ ಪಡೆಯುತ್ತಿರುವವರು ಯಾರಾದರೂ ಇದ್ದೇ ಇರುತ್ತಾರೆ. ಈ ವಾರ ಅವರ ಮನೆಗೆ ಹೋಗಿ. ಮೊದಲು ಫೋನ್ ಮಾಡಿ ಅವರಿಗೆ ಅನುಕೂಲವಾದ ಹೊತ್ತನ್ನು ಕೇಳಿ, ಹೋದೊಡನೆ ಕೈ ತೊಳೆಯಿರಿ. ಉಪದೇಶ ಬೇಡ, ಇತರರ ಕಥೆ ಬೇಡ. 'ಇವತ್ತು ಹೇಗನಿಸುತ್ತಿದೆ?' ಎಂದು ಕೇಳಿ, ಉತ್ತರ ಮುಗಿಯುವವರೆಗೂ ಸುಮ್ಮನೆ ಕುಳಿತುಕೊಳ್ಳಿ. ಉತ್ತರ ಬರದಿದ್ದರೂ ಕುಳಿತುಕೊಳ್ಳಿ. ಹೊರಡುವ ಮುನ್ನ ಆ ಮನೆಯ ಸೊಸೆಯನ್ನೋ ಮಗಳನ್ನೋ ಅದೇ ಪ್ರಶ್ನೆ ಕೇಳಿ ಬನ್ನಿ.